ಆರಡಿಯ ಕಡಲು: ದೊಡ್ಡ ರ‍್ಯಾಸ್ ಮೀನನ್ನು ಮನೆಯಲ್ಲಿ ಸಾಕಬಹುದೆಂಬ ವಾದದ ಖಂಡನೆ

ಸಮುದ್ರದ ಮೀನುಗಳನ್ನು ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸವು ಕರಾವಳಿಯ ನಗರಗಳನ್ನು ದಾಟಿ ಒಳನಾಡಿಗೂ ಹರಡಿದ್ದು, ಅದರೊಡನೆ ಆ ಹವ್ಯಾಸದ ಕೆಲವು ನಂಬಿಕೆಗಳೂ ಯಾರ ಪ್ರಶ್ನೆಗೂ ಒಳಗಾಗದೆ ಬಂದು ನೆಲೆಯೂರಿವೆ. ಅವುಗಳಲ್ಲಿ ಒಂದು ರ‍್ಯಾಸ್ ಎಂಬ ಮೀನಿನ ದೊಡ್ಡ ಜಾತಿಗಳನ್ನು ಕುರಿತದ್ದು. ಈ ಮೀನುಗಳು ಹಾರ್ಡಿ, ಅಂದರೆ ರೋಗಕ್ಕೂ ನೀರಿನ ಏರುಪೇರಿಗೂ ಬೇಗ ಮಣಿಯದ ಗಟ್ಟಿ ಜಾತಿಯವು. ಆದ್ದರಿಂದ ಆರಡಿ ಉದ್ದದ ತೊಟ್ಟಿ, ಒಳ್ಳೆಯ ಫಿಲ್ಟರ್, ಬಿಗಿಯಾದ ಮುಚ್ಚಳ ಇಷ್ಟಿದ್ದರೆ ಅವನ್ನು ಯಾವ ಊರಿನಲ್ಲಾದರೂ ಸುಖವಾಗಿ ಸಾಕಬಹುದು ಎಂಬುದು ಆ ನಂಬಿಕೆ. ಕಡಲಿನಿಂದ ನೇರ ಗೆರೆಯಲ್ಲೇ 80 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಯ ಮಹಾಂತೇಶ ನಗರದಂಥ ಬಡಾವಣೆಯ ಮನೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಪರೀಕ್ಷಿಸಿದರೆ, ಅದು ಮೀನಿನ ಸಹನಶಕ್ತಿಯನ್ನೇ ಮೀನಿನ ಸುಖವೆಂದು ಎಣಿಸಿದ ತಪ್ಪಿನ ಮೇಲೆ ನಿಂತಿದೆಯೆಂಬುದು ಗೊತ್ತಾಗುತ್ತದೆ. ದೊಡ್ಡ, ಚುರುಕಾದ ರ‍್ಯಾಸ್ ಯಾವುದೇ ಮನೆಯ ತೊಟ್ಟಿಗೆ ಸಲ್ಲುವ ಮೀನಲ್ಲವೆಂಬುದು ಈ ಲೇಖನದ ಸಿದ್ಧಾಂತ.

ಮೊದಲು ಮೀನಿನ ಪರಿಚಯ ಅಗತ್ಯ. ರ‍್ಯಾಸ್ ಎಂಬುದು ಲ್ಯಾಬ್ರಿಡೇ ಎಂಬ ಕುಟುಂಬಕ್ಕೆ ಸೇರಿದ, 500ಕ್ಕೂ ಹೆಚ್ಚು ಪ್ರಭೇದಗಳುಳ್ಳ ಮೀನುಗಳ ಸಾಮಾನ್ಯ ಹೆಸರು. ಬೆರಳುದ್ದದ ಜಾತಿಗಳಿಂದ ಹಿಡಿದು ಎರಡು ಮೀಟರ್ ಮೀರಿ ಬೆಳೆಯುವ ಹಂಪ್‌ಹೆಡ್ ರ‍್ಯಾಸ್‌ವರೆಗೆ ಎಲ್ಲ ಗಾತ್ರದವೂ ಇದರಲ್ಲಿವೆ. ಹವಳದ ದಿಬ್ಬಗಳೂ ಕಲ್ಲುಬಂಡೆಗಳೂ ಇರುವ ಬೆಚ್ಚಗಿನ ಆಳವಿಲ್ಲದ ಕಡಲು ಇವುಗಳ ನೆಲೆ. ಅಕ್ವೇರಿಯಂ ವ್ಯಾಪಾರದಲ್ಲಿ ಹೆಚ್ಚು ಓಡಾಡುವ ದೊಡ್ಡ ಜಾತಿಗಳಲ್ಲಿ ಒಂದು ಮೂನ್ ರ‍್ಯಾಸ್, ವಿಜ್ಞಾನಿಗಳ ಹೆಸರಿನಲ್ಲಿ ಥಾಲಸೋಮಾ ಲ್ಯೂನಾರೆ; ಹಸಿರು ಮೈ, ಗುಲಾಬಿ ಗೆರೆಗಳು, ನೀಲಿ ಅಂಚಿನ ನಡುವೆ ಹಳದಿ ಅರ್ಧಚಂದ್ರವಿರುವ ಬಾಲ ಇದರ ಗುರುತು. ಕೆಂಪು ಸಮುದ್ರದಿಂದ ಪೆಸಿಫಿಕ್‌ವರೆಗೆ ಹರಡಿರುವ ಈ ಮೀನು ಲಕ್ಷದ್ವೀಪದ ದಿಬ್ಬಗಳಲ್ಲೂ ಭಾರತದ ಪಶ್ಚಿಮ ಕರಾವಳಿಯ ಕಲ್ಲುನೆಲೆಗಳಲ್ಲೂ ಇದ್ದು, ಸಾಮಾನ್ಯವಾಗಿ 25 ಸೆಂಟಿಮೀಟರ್‌ನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೆಳೆಯುತ್ತದೆ. ಹೆಚ್ಚಿನ ಮೀನುಗಳು ಬಾಲ ಬಡಿದು ಈಜಿದರೆ, ರ‍್ಯಾಸ್‌ಗಳು ಎದೆಯ ಎರಡು ಈಜುರೆಕ್ಕೆಗಳನ್ನು ಹಕ್ಕಿ ರೆಕ್ಕೆ ಬಡಿದಂತೆ ಮೇಲಕ್ಕೂ ಕೆಳಕ್ಕೂ ಆಡಿಸುತ್ತ ಈಜುತ್ತವೆ. ಥಾಲಸೋಮಾದಂಥ ಜಾತಿಗಳಲ್ಲಿ ಈ ರೆಕ್ಕೆಗಳು ಉದ್ದವಾಗಿ ಚೂಪಾಗಿದ್ದು, ಅಲೆ ಬಂದು ಅಪ್ಪಳಿಸುವ ದಿಬ್ಬದ ನೆತ್ತಿಯಲ್ಲಿ, ಬೇರೆ ಮೀನುಗಳು ನಿಲ್ಲಲಾರದ ಸೆಳೆತದಲ್ಲಿ, ಬೆಳಗಿನಿಂದ ಸಂಜೆಯವರೆಗೆ ದಣಿಯದೆ ಈಜಲು ಒಗ್ಗಿರುವ ಅಂಗಗಳಾಗಿವೆ. ಈ ಒಂದು ಅಂಗರಚನೆಯನ್ನು ಮರೆತು ಮಾಡಿದ ಯಾವ ಚರ್ಚೆಯೂ ಈ ಮೀನಿನ ಕುರಿತ ಚರ್ಚೆಯಾಗುವುದಿಲ್ಲ.

ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮುಂದಿಡುವುದು ನ್ಯಾಯ. ಹವ್ಯಾಸಿಗಳು ಹೇಳುವುದಿಷ್ಟು: ತೊಟ್ಟಿಗೆ ಬಿಟ್ಟ ಕೆಲವೇ ದಿನಗಳಲ್ಲಿ ಮೂನ್ ರ‍್ಯಾಸ್ ಹಾಕಿದ್ದನ್ನೆಲ್ಲ ತಿನ್ನಲು ಕಲಿಯುತ್ತದೆ; ಸೂಕ್ಷ್ಮ ಜಾತಿಗಳು ಸಾಯುವ ನೀರಿನಲ್ಲಿ ಅದು ಬದುಕುತ್ತದೆ; ಬಣ್ಣ ಮಾಸುವುದಿಲ್ಲ; ಮನೆಯವರ ಮುಖ ಗುರುತಿಸಿ ಗಾಜಿನ ಬಳಿ ಬರುತ್ತದೆ; ಕಡಲಿನಲ್ಲಿ ಅದನ್ನು ನುಂಗಲು ಕಾದಿರುವ ದೊಡ್ಡ ಮೀನುಗಳ ಭಯ ಇಲ್ಲಿಲ್ಲ; ಹೊತ್ತುಹೊತ್ತಿಗೆ ಆಹಾರವಿದೆ; ಮಕ್ಕಳು ಅದನ್ನು ನೋಡಿ ಕಡಲಿನ ಬಗ್ಗೆ ಪ್ರೀತಿ ಬೆಳೆಸಿಕೊಳ್ಳುತ್ತಾರೆ; ಈ ಜಾತಿ ಅಳಿವಿನ ಅಂಚಿನಲ್ಲಿಯೂ ಇಲ್ಲ. ಈ ಮಾತುಗಳಲ್ಲಿ ಹಲವು ಸತ್ಯವಾಗಿವೆ. ಮೂನ್ ರ‍್ಯಾಸ್ ಅಳಿವಿನಂಚಿನ ಜಾತಿಯಲ್ಲವೆಂಬುದೂ ಅದು ಬೇಗ ಸಾಯುವುದಿಲ್ಲವೆಂಬುದೂ ನಿಜ. ಆದರೆ ಈ ಸತ್ಯಗಳಿಂದ ಎಳೆದ ತೀರ್ಮಾನ ಮಾತ್ರ ನಿಲ್ಲುವುದಿಲ್ಲ.

ಮೀನಿನ ಗಟ್ಟಿತನದ ವಾದವೇ ಈ ಪಕ್ಷದ ಆಧಾರಸ್ತಂಭವಾದ್ದರಿಂದ ಮೊದಲು ಅದನ್ನೇ ಪರಿಶೀಲಿಸಬೇಕು. ಅಲೆಗಳ ಹೊಡೆತವಿರುವ ನೆಲೆಯಲ್ಲಿ ಕ್ಷಣಕ್ಷಣಕ್ಕೂ ಬದಲಾಗುವ ಪರಿಸ್ಥಿತಿಯನ್ನು ತಾಳಿಕೊಳ್ಳುವಂತೆ ರೂಪುಗೊಂಡ ದೇಹ, ತೊಟ್ಟಿಯ ಕೆಟ್ಟ ನೀರನ್ನೂ ಒಂದು ಮಿತಿಯವರೆಗೆ ತಾಳಿಕೊಳ್ಳುವುದು ಸಹಜ. ಸೂಕ್ಷ್ಮ ಜಾತಿಯ ಮೀನು ತನಗೆ ಒಗ್ಗದ ಸ್ಥಿತಿಯಲ್ಲಿ ಕೆಲವೇ ವಾರಗಳಲ್ಲಿ ಸತ್ತು ಸಾಕಿದವನಿಗೆ ಎಚ್ಚರಿಕೆ ಕೊಡುತ್ತದೆ; ಗಟ್ಟಿ ಜಾತಿಯ ಮೀನು ಸಾಯದೆ ಉಳಿದು ಅದೇ ಸ್ಥಿತಿಯನ್ನು ವರ್ಷಗಟ್ಟಲೆ ಅನುಭವಿಸುತ್ತದೆ. ಹೀಗಾಗಿ ಸಹನಶಕ್ತಿಯು ತೊಟ್ಟಿ ಸರಿಯಾಗಿದೆಯೆಂಬುದಕ್ಕೆ ಸಾಕ್ಷಿಯಾಗುವ ಬದಲು, ತಪ್ಪು ತೊಟ್ಟಿಯ ತಪ್ಪನ್ನು ಮುಚ್ಚಿಡುವ ಗುಣವಾಗಿ ಪರಿಣಮಿಸುತ್ತದೆ. ಮೀನು ತಿನ್ನುವುದೂ ಬಣ್ಣ ಉಳಿಸಿಕೊಳ್ಳುವುದೂ ದೇಹದ ಕನಿಷ್ಠ ವ್ಯವಹಾರಗಳು ನಡೆಯುತ್ತಿವೆ ಎಂಬುದಕ್ಕೆ ಪುರಾವೆಯೇ ಹೊರತು, ಯಾವುದಕ್ಕಾಗಿ ಆ ದೇಹ ರೂಪುಗೊಂಡಿತೋ ಆ ಬದುಕು ಅದಕ್ಕೆ ದೊರೆತಿದೆ ಎಂಬುದಕ್ಕೆ ಪುರಾವೆಯಾಗಲಾರದು.

ಆ ಬದುಕು ಎಷ್ಟು ಕುಗ್ಗುತ್ತದೆಂಬುದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಹವ್ಯಾಸಿಗಳು ಹೆಮ್ಮೆಯಿಂದ ಹೇಳುವ ಆರಡಿ ತೊಟ್ಟಿಯ ಉದ್ದ ಸುಮಾರು 180 ಸೆಂಟಿಮೀಟರ್. ಅಗಲ, ಎತ್ತರ ಎರಡೆರಡು ಅಡಿಯಾದರೆ ಅದರಲ್ಲಿ ಸುಮಾರು 650 ಲೀಟರ್ ನೀರು ಹಿಡಿಯುತ್ತದೆ. ಇದರಲ್ಲಿ 20 ಸೆಂಟಿಮೀಟರ್ ಉದ್ದದ, ಇನ್ನೂ ಪೂರ್ತಿ ಬೆಳೆಯದ ಮೂನ್ ರ‍್ಯಾಸ್ ಇದೆಯೆಂದುಕೊಳ್ಳೋಣ. ಸೆಕೆಂಡಿಗೆ ತನ್ನ ಮೈಯುದ್ದದ ಎರಡು ಪಟ್ಟು ದೂರ ಎಂಬ ಸಾಧಾರಣ ವೇಗವನ್ನೇ ಇಟ್ಟುಕೊಂಡರೂ, ಅದು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಾಲ್ಕೂವರೆ ಸೆಕೆಂಡಿನಲ್ಲಿ ತಲುಪುತ್ತದೆ. ಎಡೆಬಿಡದೆ ಈಜಿದರೆ ಗಂಟೆಗೆ 800 ಬಾರಿ ಗಾಜಿನ ಮುಂದೆ ತಿರುಗಬೇಕಾಗುತ್ತದೆ. ತೊಟ್ಟಿಯೊಳಗೆ ಜೋಡಿಸಿದ ಕಲ್ಲುಗಳು ಈ ದಾರಿಯನ್ನು ಇನ್ನಷ್ಟು ಕಿರಿದಾಗಿಸುತ್ತವೆ. ಇಂಥ ತೊಟ್ಟಿಯನ್ನು ಸ್ವಲ್ಪ ಹೊತ್ತು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಮೀನು ಎಡಗಡೆಯ ಗಾಜಿಗೆ ಬಂದು, ಮೂತಿ ತಾಗುವ ಮುನ್ನ ಒಂದು ಕಡೆಯ ರೆಕ್ಕೆಯನ್ನು ತಡೆದು ಹೊರಳಿ, ಬಂದ ಎತ್ತರದಲ್ಲೇ ಹಿಂದಿರುಗಿ, ಬಲಗಡೆ ಅದೇ ಹೊರಳನ್ನು ಹೊರಳಿ, ಮತ್ತೆ ಅದೇ ಗೆರೆಯಲ್ಲಿ ಬರುತ್ತದೆ. ಬಂಧನದಲ್ಲಿರುವ ಪ್ರಾಣಿಗಳಲ್ಲಿ ಉದ್ದೇಶವಿಲ್ಲದೆ ಮರುಕಳಿಸುವ ಇಂಥ ಏಕರೂಪದ ಚಲನೆಯನ್ನು ಪ್ರಾಣಿವರ್ತನೆಯ ಶಾಸ್ತ್ರವು ಯಾಂತ್ರಿಕ ವರ್ತನೆಯೆಂದು ಪರಿಗಣಿಸಿ ಕೊರತೆಯ ಲಕ್ಷಣವಾಗಿ ನೋಡುತ್ತದೆ. ಅತಿಥಿಗಳು ಚುರುಕುತನವೆಂದು ಮೆಚ್ಚುವುದು ಬಹಳಷ್ಟು ಸಲ ಇದನ್ನೇ.

ಮರಿಯ ಗಾತ್ರವನ್ನು ನೋಡಿ ಮೀನನ್ನು ಕೊಳ್ಳುವ ರೂಢಿ ಈ ತಪ್ಪನ್ನು ಹೆಚ್ಚಿಸುತ್ತದೆ. ಕೋರಿಸ್ ಎಂಬ ಕುಲದ ರ‍್ಯಾಸ್‌ಗಳು ಇದಕ್ಕೆ ಒಳ್ಳೆಯ ನಿದರ್ಶನ. ಕೋರಿಸ್ ಐಗುಲಾ ಎಂಬ ಜಾತಿಯ ಮರಿ ಬಿಳಿ ಮೈಯ ಮೇಲೆ ಎರಡು ಕಿತ್ತಳೆ ಮಚ್ಚೆ, ಅವುಗಳ ಮೇಲೆ ಬೆನ್ನಿನ ಈಜುರೆಕ್ಕೆಯಲ್ಲಿ ಕಣ್ಣಿನಂಥ ಎರಡು ಕಪ್ಪು ಬೊಟ್ಟು ಇರುವ, ಅಂಗೈಯಲ್ಲಿ ಹಿಡಿಸುವ ಚೆಲುವೆ. ಅದೇ ಮೀನು ಬೆಳೆದಾಗ ಹಣೆ ಉಬ್ಬಿದ ಕಡುಹಸಿರು ಗಂಡಾಗಿ 120 ಸೆಂಟಿಮೀಟರ್‌ವರೆಗೆ ತಲುಪಬಲ್ಲದು. ಹಿಂದೂ ಮಹಾಸಾಗರದ ಕೋರಿಸ್ ಫಾರ್ಮೋಸಾ 60 ಸೆಂಟಿಮೀಟರ್ ಮುಟ್ಟುತ್ತದೆ. ಮಾರುವಾಗ ಐದಾರು ಸೆಂಟಿಮೀಟರ್ ಇರುವ ಮರಿಯ ಮುಂದೆ ಈ ಸಂಖ್ಯೆಗಳನ್ನು ಯಾರೂ ಬರೆದಿಡುವುದಿಲ್ಲ. ಕೇಳಿದರೆ ಮೀನು ತೊಟ್ಟಿಯ ಅಳತೆಗೆ ತಕ್ಕಷ್ಟೇ ಬೆಳೆಯುತ್ತದೆ ಎಂಬ ಸಮಾಧಾನದ ಉತ್ತರ ದೊರೆಯುತ್ತದೆ. ಈ ಉತ್ತರಕ್ಕೆ ಜೀವಶಾಸ್ತ್ರದ ಆಧಾರವಿಲ್ಲ. ಮೀನಿನ ಬೆಳವಣಿಗೆಯ ಸಾಧ್ಯತೆ ಅದರ ಜಾತಿಯಲ್ಲಿ ಅಡಗಿದೆ. ಇಕ್ಕಟ್ಟಿನಲ್ಲಿ ಅದು ಕುಂಠಿತವಾದರೆ ಅದಕ್ಕೆ ಕಾರಣ ನೀರಿನಲ್ಲಿ ಸೇರಿಕೊಂಡ ತ್ಯಾಜ್ಯ, ಕಡಿಮೆಯಾದ ಆಮ್ಲಜನಕ, ಸರಿಯಿಲ್ಲದ ಆಹಾರ ಮತ್ತು ಸತತ ಒತ್ತಡ. ಬೆಳವಣಿಗೆ ಕುಂಠಿತವಾದುದನ್ನು ಹೊಂದಾಣಿಕೆಯೆಂದು ಹೇಳುವುದು ರೋಗಲಕ್ಷಣವನ್ನು ಆರೋಗ್ಯವೆಂದು ದಾಖಲಿಸುವ ಕೆಲಸ.

ಈಜುವ ಜಾಗವೊಂದನ್ನೇ ಈ ಮೀನು ಕಳೆದುಕೊಳ್ಳುವುದಿಲ್ಲ. ರ‍್ಯಾಸ್‌ಗಳ ಸಾಮಾಜಿಕ ಬದುಕು ಮೀನುಗಳಲ್ಲೇ ವಿಶಿಷ್ಟವಾದದ್ದು. ಹಲವು ಜಾತಿಗಳಲ್ಲಿ ಹೆಣ್ಣಾಗಿ ಬದುಕು ಶುರುಮಾಡಿದ ಮೀನು ಮುಂದೆ ಗಂಡಾಗಿ ಬದಲಾಗುತ್ತದೆ, ಮತ್ತು ಆ ಬದಲಾವಣೆಗೆ ಸುತ್ತಲಿನ ಸಮಾಜವೇ ಕಾರಣವಾಗುತ್ತದೆ. ಇತರ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವ ಕ್ಲೀನರ್ ರ‍್ಯಾಸ್‌ಗಳಲ್ಲಿ, ಗುಂಪಿನ ಗಂಡು ಇಲ್ಲವಾದರೆ ಅತಿ ದೊಡ್ಡ ಹೆಣ್ಣು ಕೆಲವೇ ಗಂಟೆಗಳಲ್ಲಿ ಗಂಡಿನ ವರ್ತನೆ ತೋರಿ, ಸುಮಾರು ಎರಡು ವಾರಗಳಲ್ಲಿ ಪೂರ್ಣ ಗಂಡಾಗುವುದನ್ನು ವಿಜ್ಞಾನಿ ರಾಸ್ ರಾಬರ್ಟ್‌ಸನ್ 1972ರಲ್ಲಿ ಪ್ರಕಟಿಸಿದರು. ಈ ಮೀನುಗಳ ಬುದ್ಧಿಯ ಬಗ್ಗೆಯೂ ಪುರಾವೆಗಳಿವೆ. 2009ರಲ್ಲಿ ಪಲಾವು ದ್ವೀಪದಲ್ಲಿ ವಿಜ್ಞಾನಿ ಜಾಕೊಮೊ ಬರ್ನಾರ್ಡಿ ಅವರು, ಮರಳಿನಿಂದ ಚಿಪ್ಪುಜೀವಿಯನ್ನು ಅಗೆದು ತೆಗೆದು, ದೂರದ ಕಲ್ಲಿನವರೆಗೆ ಕಚ್ಚಿಕೊಂಡು ಹೋಗಿ, ಅದಕ್ಕೆ ಅಪ್ಪಳಿಸಿ ಒಡೆದು ತಿನ್ನುವ ರ‍್ಯಾಸ್ ಒಂದನ್ನು ಚಿತ್ರೀಕರಿಸಿದರು. ಮೂನ್ ರ‍್ಯಾಸ್‌ನ ಹತ್ತಿರದ ಸಂಬಂಧಿಯಾದ ಸಿಕ್ಸ್‌ಬಾರ್ ರ‍್ಯಾಸ್, ತೊಟ್ಟಿಯಲ್ಲೇ ಇದ್ದರೂ, ಒಂದೇ ಸಲಕ್ಕೆ ನುಂಗಲಾಗದ ಆಹಾರದ ಗುಳಿಗೆಯನ್ನು ಕಲ್ಲಿಗೆ ಬಡಿದು ಒಡೆಯುತ್ತದೆಂದು 2010ರಲ್ಲಿ ವರದಿಯಾಯಿತು. ಇದನ್ನು ಪೂರ್ವಪಕ್ಷದವರು ತಮ್ಮ ಪರವಾಗಿ ಉಲ್ಲೇಖಿಸಬಹುದು: ತೊಟ್ಟಿಯಲ್ಲೂ ಬುದ್ಧಿ ಕೆಲಸ ಮಾಡುತ್ತಿದೆಯಲ್ಲ ಎಂದು. ಆದರೆ ಕಡಲಿನಲ್ಲಿ ದಿನವಿಡೀ ಹುಡುಕಿ, ಅಗೆದು, ಒಡೆದು ತಿನ್ನಬೇಕಾದ ಪ್ರಾಣಿಗೆ ದಿನಕ್ಕೆ ಎರಡು ಹೊತ್ತು ಮೇಲಿನಿಂದ ಬೀಳುವ ಗುಳಿಗೆ ಎಷ್ಟು ಕಡಿಮೆ ಕೆಲಸ ಕೊಡುತ್ತದೆ ಎಂಬುದನ್ನೇ ಈ ಸಂಗತಿ ಎತ್ತಿ ತೋರಿಸುತ್ತದೆ. ಕೆಲಸವಿಲ್ಲದ ಆ ಶಕ್ತಿ ತೊಟ್ಟಿಯ ಸಿಗಡಿ, ಏಡಿ, ಚಿಕ್ಕ ಮೀನುಗಳ ಮೇಲೆ ತಿರುಗಿದಾಗ, ಮೀನಿಗೆ ಆಕ್ರಮಣಕಾರಿ ಎಂಬ ಹಣೆಪಟ್ಟಿ ಬೀಳುತ್ತದೆ ಮತ್ತು ಅದನ್ನು ಒಂಟಿಯಾಗಿ ಇಡಬೇಕೆಂಬ ಸಲಹೆ ಬರುತ್ತದೆ. ಹೀಗೆ ಜಾಗದ ಕೊರತೆಯ ಮೇಲೆ ಸಂಗದ ಕೊರತೆಯೂ ಸೇರುತ್ತದೆ.

ಈಗ ಈ ತೊಟ್ಟಿಯನ್ನು ಮಹಾಂತೇಶ ನಗರದ ಮನೆಯಲ್ಲಿಟ್ಟು ನೋಡಬೇಕು. ಬೆಳಗಾವಿಯ ನಲ್ಲಿಗಳಿಗೆ ಬರುವುದು ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯದ ಮತ್ತು ಘಟಪ್ರಭೆಯ ಹಿಡಕಲ್ ಜಲಾಶಯದ ಸಿಹಿನೀರು. ಅದನ್ನು ಆರ್‌ಒ ಯಂತ್ರದಲ್ಲಿ ಶುದ್ಧಗೊಳಿಸಿ, ಲೀಟರಿಗೆ ಸುಮಾರು 35 ಗ್ರಾಂನಂತೆ ಉಪ್ಪಿನ ಮಿಶ್ರಣ ಕರಗಿಸಿ ಕಡಲನ್ನು ತಯಾರಿಸಬೇಕು. 650 ಲೀಟರ್ ತೊಟ್ಟಿಗೆ ಮೊದಲ ಸಲವೇ ಸುಮಾರು 23 ಕಿಲೋ, ವಾರಕ್ಕೆ ಹತ್ತರಲ್ಲೊಂದು ಭಾಗ ನೀರು ಬದಲಿಸಿದರೆ ವರ್ಷಕ್ಕೆ ಇನ್ನೂ ನೂರು ಕಿಲೋಗೂ ಹೆಚ್ಚು ಉಪ್ಪು ಬೇಕು. ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಬೆಳಗಾವಿಯ ಹವೆ 15 ಡಿಗ್ರಿಗಿಂತ ಕೆಳಗಿಳಿಯುವಾಗ ನೀರನ್ನು 25 ಡಿಗ್ರಿಯ ಆಸುಪಾಸಿನಲ್ಲಿಡಲು ಹೀಟರ್ ಬೇಕು. ಮೀನಿನ ತ್ಯಾಜ್ಯವನ್ನು ನೊರೆಯ ರೂಪದಲ್ಲಿ ಎಳೆದು ಹಾಕುವ ಪ್ರೋಟೀನ್ ಸ್ಕಿಮ್ಮರ್ ಮತ್ತು ಅಲೆಯ ಚಲನೆ ಕೊಡುವ ಪಂಪು ಹಗಲಿರುಳು ಓಡಬೇಕು. ಇವೆಲ್ಲವೂ ವಿದ್ಯುತ್ತಿನ ಮೇಲೆ ನಿಂತಿವೆ. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕವನ್ನು ಕರಗಿಸಿಕೊಳ್ಳುತ್ತದೆ: 26 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿದರೆ, ಕಡಲಮಟ್ಟದಲ್ಲಿ ಕಡಲನೀರು ಹಿಡಿಯುವುದು ಸುಮಾರು 6.6 ಮಿಲಿಗ್ರಾಂ. 750 ಮೀಟರ್ ಎತ್ತರದಲ್ಲಿ ವಾಯುಭಾರವು ಕಡಲಮಟ್ಟಕ್ಕಿಂತ ಶೇಕಡಾ 8ರಷ್ಟು ಕಡಿಮೆಯಿರುವುದರಿಂದ ಬೆಳಗಾವಿಯಲ್ಲಿ ಅದು ಸುಮಾರು 6 ಮಿಲಿಗ್ರಾಂಗೆ ಇಳಿಯುತ್ತದೆ. ಅಂದರೆ ಅಲೆ ಒಡೆದು ಗಾಳಿ ಬೆರೆಯುವ ನೆಲೆಯಲ್ಲಿ ಹುಟ್ಟಿದ, ಸದಾ ಈಜುವುದರಿಂದ ಹೆಚ್ಚು ಉಸಿರು ಬೇಡುವ ಮೀನನ್ನು, ಆಮ್ಲಜನಕದ ಮೇಲ್ಮಿತಿಯೇ ಕಡಿಮೆಯಿರುವ ನೀರಿನಲ್ಲಿ ಇಡಲಾಗುತ್ತಿದೆ. ಮಳೆಗಾಲದ ಗಾಳಿಯಲ್ಲಿ ತಂತಿ ಹರಿದು ಖಾನಾಪುರದ ಕಾಡಂಚಿನ ಊರುಗಳು ಕತ್ತಲಲ್ಲಿ ಉಳಿಯುವುದೂ ನಗರದಲ್ಲಿ ಗಂಟೆಗಟ್ಟಲೆ ವಿದ್ಯುತ್ ಹೋಗುವುದೂ ಈ ಭಾಗದವರಿಗೆ ಹೊಸದಲ್ಲ. ಪಂಪು ನಿಂತ ತೊಟ್ಟಿಯಲ್ಲಿ ಮೊದಲು ಉಸಿರುಗಟ್ಟುವುದು ಅತಿ ದೊಡ್ಡ, ಅತಿ ಚುರುಕಾದ ಮೀನಿಗೆ.

ಕಡಲಿನಲ್ಲಿ ಶತ್ರುಭಯವಿದೆ, ಮನೆಯಲ್ಲಿ ಅಭಯವಿದೆ ಎಂಬ ಮಾತಿಗೂ ಉತ್ತರ ಹೇಳಬೇಕು. ಅಪಾಯವಿಲ್ಲದ ಸ್ಥಿತಿಯೇ ಒಳಿತೆಂದು ಒಪ್ಪಿದರೆ, ಯಾವ ಕಾಡುಪ್ರಾಣಿಯನ್ನಾದರೂ ಯಾವ ಪಂಜರದಲ್ಲಾದರೂ ಇಡುವುದನ್ನು ಇದೇ ಮಾತಿನಿಂದ ಸಮರ್ಥಿಸಬಹುದು; ಎಲ್ಲವನ್ನೂ ಸಮರ್ಥಿಸಬಲ್ಲ ವಾದವು ಯಾವುದನ್ನೂ ಸಮರ್ಥಿಸುವುದಿಲ್ಲ. ಮೀನಿಗೆ ನೋವು ತಿಳಿಯುವುದಿಲ್ಲವೆಂಬ ಇನ್ನೊಂದು ಮಾತು, ಟ್ರೌಟ್ ಮೀನಿನ ಮುಖದಲ್ಲಿ ನೋವನ್ನು ಗ್ರಹಿಸುವ ನರಗಳಿರುವುದನ್ನು ಲಿನ್ ಸ್ನೆಡನ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ತೋರಿಸಿದ ಬಳಿಕ ಹಿಂದಿನ ನಿಶ್ಚಿಂತೆಯಿಂದ ಹೇಳಲಾಗದ ಮಾತಾಗಿದೆ. ಆ ಚರ್ಚೆ ಮುಂದೆ ಯಾವ ಕಡೆಗೆ ವಾಲಿದರೂ ಇಲ್ಲಿನ ಸಿದ್ಧಾಂತ ಕದಲುವುದಿಲ್ಲ. ಏಕೆಂದರೆ ಈಜಲು ರೂಪುಗೊಂಡ ಜೀವಿಗೆ ಈಜಲು ಜಾಗ ಕೊಡದಿರುವ ತಪ್ಪು ನೋವಿನ ಅಳತೆಗೋಲನ್ನು ಕಾಯುವುದಿಲ್ಲ.

ಶಿಕ್ಷಣದ ವಾದವು ಹೆಚ್ಚು ಗೌರವಕ್ಕೆ ಅರ್ಹವಾದುದು, ಏಕೆಂದರೆ ಕಡಲು ಕಾಣದ ಮಕ್ಕಳಿಗೆ ಕಡಲನ್ನು ತೋರಿಸಬೇಕೆಂಬ ಆಸೆ ಒಳ್ಳೆಯದು. ಬೆಳಗಾವಿ ಮುಂಬಯಿ ರಾಜ್ಯದಲ್ಲಿದ್ದ ದಿನಗಳಲ್ಲಿ, 1951ರಲ್ಲಿ, ಮುಂಬಯಿಯ ಕಡಲದಂಡೆಯಲ್ಲಿ ತಾರಾಪೋರ್‌ವಾಲಾ ಅಕ್ವೇರಿಯಂ ತೆರೆದದ್ದೂ ಇದೇ ಆಸೆಯಿಂದ. ಆದರೆ ಒಂಟಿ ರ‍್ಯಾಸ್‌ನಿಂದ ಮಗು ಕಲಿಯುವುದೇನೆಂದು ಕೇಳಬೇಕು. ಗುಂಪಿನ ರಚನೆ, ಹೆಣ್ಣು ಗಂಡಾಗುವ ಬೆರಗು, ಅಲೆಯೊಡನೆ ಈಜುವ ಕೌಶಲ, ಚಿಪ್ಪು ಒಡೆಯುವ ಜಾಣ್ಮೆ ಇವೆಲ್ಲ ಆ ಮೀನಿನ ಪಾಠಗಳಾಗಿದ್ದು, ಅವುಗಳಲ್ಲಿ ಬಹುಪಾಲು ಆ ತೊಟ್ಟಿಯಲ್ಲಿ ಇಲ್ಲ. ಇಳಿತದ ಹೊತ್ತಿನಲ್ಲಿ ಕಾರವಾರದ ಅಥವಾ ಗೋವೆಯ ಕಲ್ಲುದಂಡೆಯ ಹೊಂಡಗಳಲ್ಲಿ ಒಂದು ಗಂಟೆ ಕಳೆದ ಮಗು ಅದಕ್ಕಿಂತ ಹೆಚ್ಚು ಕಲಿಯುತ್ತದೆ. ಮುರುಡೇಶ್ವರದ ಆಚೆಗಿನ ನೇತ್ರಾಣಿ ದ್ವೀಪದ ಸುತ್ತ ನೀರಿಗಿಳಿದವರು ದಿಬ್ಬದ ಮೀನುಗಳನ್ನು ಅವುಗಳ ನೆಲೆಯಲ್ಲೇ ನೋಡುತ್ತಾರೆ. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವು ಕಾರವಾರದ ಕೋಡಿಬಾಗದಲ್ಲಿದ್ದು, ಬೆಳಗಾವಿಯ ಶಾಲೆಗಳಿಗೆ ಅದು ಒಂದು ದಿನದ ಪ್ರಯಾಣದ ದೂರ. ಅಷ್ಟೂ ಸಾಧ್ಯವಿಲ್ಲದಿದ್ದರೆ, ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಹರಿಯುವ ಮಲಪ್ರಭೆಯ ಮೇಲ್ದಂಡೆಯ ಹೊಳೆಗಳಲ್ಲಿ ತಮ್ಮದೇ ನಾಡಿನ ಮೀನುಗಳನ್ನು ನೋಡುವುದು ಕಡಿಮೆ ಶಿಕ್ಷಣವಲ್ಲ.

ಜೀವನೋಪಾಯದ ಪ್ರಶ್ನೆಯನ್ನೂ ತಳ್ಳಿಹಾಕಲಾಗದು. ಚೆನ್ನೈನ ಕೊಳತ್ತೂರಿನಂಥ ದೊಡ್ಡ ಮಾರುಕಟ್ಟೆಯಿಂದ ಹಿಡಿದು ಸಣ್ಣ ಊರಿನ ಅಂಗಡಿಯವರೆಗೆ ಹಲವರ ಹೊಟ್ಟೆಪಾಡು ಅಲಂಕಾರಿಕ ಮೀನುಗಳನ್ನು ನಂಬಿಕೊಂಡಿದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯೂ ಈ ಉದ್ಯಮಕ್ಕೆ ನೆರವು ಕೊಡುತ್ತದೆ. ಆದರೆ ಆ ಉದ್ಯಮಕ್ಕೆ ದೊಡ್ಡ ರ‍್ಯಾಸ್ ಅನಿವಾರ್ಯವಲ್ಲ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ರೂಢಿಗೆ ತಂದಿದೆ; ಕಡಲಿನಲ್ಲೂ ಒಂದೇ ಕಡಲಹೂವಿನ ಸುತ್ತ ಬಾಳುವ ಆ ಮೀನಿಗೆ ತೊಟ್ಟಿಯ ಬದುಕು ಅಷ್ಟು ಪರಕೀಯವಲ್ಲ. ಮಾರಾಟಕ್ಕೆ ಬರುವ ದೊಡ್ಡ ರ‍್ಯಾಸ್‌ಗಳಾದರೋ ಕಡಲಿನಿಂದ ಹಿಡಿದು ತಂದವು. ಆದ್ದರಿಂದ ಒಂದು ಮೀನು ತೊಟ್ಟಿಯಲ್ಲಿ ಸತ್ತಾಗ ಅದರ ಜಾಗ ತುಂಬಲು ಇನ್ನೊಂದನ್ನು ದಿಬ್ಬದಿಂದಲೇ ತರಬೇಕಾಗುತ್ತದೆ. ಇದು ಕಡಲಿನ ಬಗ್ಗೆ ಪ್ರೀತಿ ಬೆಳೆಯುತ್ತದೆಂಬ ಮಾತಿಗೆ ನೇರ ವಿರುದ್ಧವಾದದ್ದು. ಮೂನ್ ರ‍್ಯಾಸ್ ವಿರಳವಲ್ಲದಿದ್ದರೂ, ಅದೇ ಕುಟುಂಬದ ಹಂಪ್‌ಹೆಡ್ ರ‍್ಯಾಸ್ ಅತಿಬೇಟೆಯಿಂದ ಕುಸಿದು 2004ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧವನ್ನು ಸೇರಬೇಕಾಯಿತು ಎಂಬುದನ್ನು ಮರೆಯಬಾರದು.

ಕಾನೂನಿನ ದೃಷ್ಟಿಯಿಂದಲೂ ಪೂರ್ವಪಕ್ಷ ಭಾವಿಸಿರುವಷ್ಟು ಸುರಕ್ಷಿತವಾಗಿಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯು ಮನುಷ್ಯನ ಹೊರತಾದ ಯಾವುದೇ ಜೀವಿಯನ್ನು ಪ್ರಾಣಿಯೆಂದು ಪರಿಗಣಿಸುತ್ತದೆ. ಅದರ 11ನೆಯ ಕಲಮು, ಚಲನೆಗೆ ಸಮಂಜಸವಾದ ಅವಕಾಶ ದೊರೆಯುವಷ್ಟು ಎತ್ತರ, ಉದ್ದ, ಅಗಲ ಇಲ್ಲದ ಪಂಜರದಲ್ಲಾಗಲಿ ಪಾತ್ರೆಯಲ್ಲಾಗಲಿ ಪ್ರಾಣಿಯನ್ನು ಇಡುವುದನ್ನು ಕ್ರೌರ್ಯದ ಪಟ್ಟಿಯಲ್ಲಿ ಸೇರಿಸಿದೆ. ಗಾಜಿನ ತೊಟ್ಟಿ ಒಂದು ಪಾತ್ರೆ. ರ‍್ಯಾಸ್ ಒಂದು ಜೀವಿ. ಗಂಟೆಗೆ ನೂರಾರು ಸಲ ಗೋಡೆಯ ಮುಂದೆ ತಿರುಗಬೇಕಾದ ಚಲನೆಯನ್ನು ಸಮಂಜಸವೆಂದು ಸಾಧಿಸುವುದು ಅದನ್ನು ಇಟ್ಟವನಿಗೆ ಸುಲಭವಲ್ಲ. 2014ರ ನಾಗರಾಜ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಉಲ್ಲೇಖಿಸಿದಾಗ, ಹಸಿವು ಮತ್ತು ರೋಗದಿಂದ ಮುಕ್ತಿಯೊಡನೆ ಸಹಜ ವರ್ತನೆಯನ್ನು ತೋರುವ ಸ್ವಾತಂತ್ರ್ಯವನ್ನೂ ಎಣಿಸಿತ್ತು. ಅಕ್ವೇರಿಯಂ ಅಂಗಡಿಗಳಿಗಾಗಿ 2017ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಪ್ರತ್ಯೇಕ ನಿಯಮಗಳು ಬಳಿಕ ಹಿಂದೆ ಸರಿದರೂ, 1960ರ ಕಾಯಿದೆ ಹಾಗೆಯೇ ನಿಂತಿದೆ.

ಕೊನೆಯದಾಗಿ, ಹಾಗಾದರೆ ಇನ್ನೂ ದೊಡ್ಡ ತೊಟ್ಟಿ ಕಟ್ಟಿಸಿದರಾಯಿತು ಎಂಬ ಸಲಹೆ ಉಳಿಯುತ್ತದೆ. ಎಂಟಡಿ ತೊಟ್ಟಿಯಲ್ಲಿ ಅದೇ ಮೀನು ಗಂಟೆಗೆ 800ರ ಬದಲು 600 ಸಲ ತಿರುಗುತ್ತದೆ. ಮೀನು ಬೆಳೆದು ವೇಗ ಹೆಚ್ಚಿದಂತೆ ಈ ಅಲ್ಪ ಲಾಭವೂ ಕರಗುತ್ತದೆ. ಲಕ್ಷಾಂತರ ಲೀಟರ್ ನೀರು, ನುರಿತ ಸಿಬ್ಬಂದಿ, ಕೃತಕ ಅಲೆ, ಸಾಕಷ್ಟು ಸಂಗಾತಿಗಳು ಇರುವ ದೊಡ್ಡ ಸಾರ್ವಜನಿಕ ಅಕ್ವೇರಿಯಂಗಳ ಮಾತು ಬೇರೆ, ಮತ್ತು ಅವುಗಳನ್ನು ಅವುಗಳ ಅಳತೆಯಲ್ಲೇ ವಿಮರ್ಶಿಸಬೇಕು. ಮನೆಯ ಪಡಸಾಲೆಯಲ್ಲಿ ಹಿಡಿಸುವ ಯಾವ ಅಳತೆಯೂ ಆ ಮಟ್ಟವನ್ನು ತಲುಪುವುದಿಲ್ಲ.

ಆದ್ದರಿಂದ ಹವ್ಯಾಸಿಗಳೂ ವ್ಯಾಪಾರಿಗಳೂ ಒಪ್ಪಬೇಕಾದ ನಿಯಮ ಸರಳವಾಗಿದೆ. ಮೀನನ್ನು ಅದರ ಮರಿಯ ಗಾತ್ರದಿಂದ ಅಳೆಯದೆ ಬೆಳೆದ ಗಾತ್ರದಿಂದ ಅಳೆಯಬೇಕು; ಮಾರುವ ತೊಟ್ಟಿಯ ಮೇಲೆ ಬೆಲೆಯೊಡನೆ ಪೂರ್ಣ ಬೆಳವಣಿಗೆಯ ಉದ್ದವನ್ನೂ ಬರೆಯಬೇಕು; ಥಾಲಸೋಮಾ, ಕೋರಿಸ್ ಮುಂತಾದ ದೊಡ್ಡ ರ‍್ಯಾಸ್‌ಗಳಿಗೆ ಆರ್ಡರ್ ಕೊಡುವುದನ್ನು ಅಂಗಡಿಗಳು ನಿಲ್ಲಿಸಬೇಕು; ಉಪ್ಪುನೀರಿನ ತೊಟ್ಟಿ ಬೇಕೇ ಬೇಕೆನ್ನುವವರು ತೊಟ್ಟಿಯಲ್ಲೇ ಮರಿಮಾಡಿದ, ಚಿಕ್ಕ ನೆಲೆಗೆ ಒಗ್ಗಿದ ಜಾತಿಗಳನ್ನು ಆರಿಸಿಕೊಳ್ಳಬೇಕು. ಈಗಾಗಲೇ ಮನೆಯಲ್ಲಿ ದೊಡ್ಡ ರ‍್ಯಾಸ್ ಇರುವವರು ಅದನ್ನು ಚೆನ್ನಾಗಿ ನೋಡಿಕೊಂಡು, ಅದರ ಕಾಲಾನಂತರ ಇನ್ನೊಂದನ್ನು ತರದಿದ್ದರೆ ಸಾಕು. ಮೀನಿನ ಮೇಲೆ ಪ್ರೀತಿಯಿದೆಯೆಂದು ಹೇಳುವವರ ಪ್ರೀತಿಯ ಪರೀಕ್ಷೆ, ಅವರು ಎಷ್ಟು ವರ್ಷ ಅದನ್ನು ಸಾಯದಂತೆ ಇಟ್ಟುಕೊಂಡರು ಎಂಬುದರಲ್ಲಿ ನಡೆಯುವುದಿಲ್ಲ. ತಮ್ಮ ಬಳಿ ಇರಬೇಕೆಂಬ ಆಸೆಯನ್ನು ಆ ಮೀನಿನ ಸ್ವಭಾವಕ್ಕಾಗಿ ಬಿಟ್ಟುಕೊಡಬಲ್ಲರೇ ಎಂಬುದರಲ್ಲಿ ನಡೆಯುತ್ತದೆ.